ಹಳಿ ಮುಗಿಯುವಲ್ಲಿ ಸೈಕಲ್ ಹತ್ತಿ: ತಾಳಗುಪ್ಪದಿಂದ ಯಲ್ಲಾಪುರಕ್ಕೆ ಶರದೃತುವಿನ ಎರಡು ದಿನ

ಶಿವಮೊಗ್ಗದಿಂದ ಹೊರಟ ರೈಲುಹಳಿ ಆನಂದಪುರ, ಸಾಗರ ದಾಟಿ ತಾಳಗುಪ್ಪದಲ್ಲಿ ಮುಗಿಯುತ್ತದೆ. ಅಲ್ಲಿಂದ ಸಿದ್ದಾಪುರಕ್ಕೆ ಸುಮಾರು 15 ಕಿ.ಮೀ., ಸಿದ್ದಾಪುರದಿಂದ ಶಿರಸಿಗೆ 36, ಶಿರಸಿಯಿಂದ ಯಲ್ಲಾಪುರಕ್ಕೆ 50. ಈ ಮೂರೂ ತಾಲ್ಲೂಕು ಕೇಂದ್ರಗಳಿಗೆ ಇಂದಿಗೂ ರೈಲಿಲ್ಲ. ಹಳಿ ನಿಂತಲ್ಲಿಂದ ಸೈಕಲ್ ಹತ್ತಿ, ಒಂದು ರಾತ್ರಿ ಶಿರಸಿಯಲ್ಲಿ ತಂಗಿ, ಮರುದಿನ ಸಂಜೆಯ ಹೊತ್ತಿಗೆ ಯಲ್ಲಾಪುರ ಸೇರಿದರೆ ನೂರು ಕಿಲೋಮೀಟರಿನ ಸವಾರಿ ಆಗುತ್ತದೆ. ವಾರಾಂತ್ಯದ ಎರಡು ದಿನಕ್ಕೆ ಅಳೆದು ಕೊಟ್ಟಂತಿರುವ ಹಾದಿ ಇದು. ಆದರೆ ಇಲ್ಲಿ ಕಿಲೋಮೀಟರಿಗಿಂತ ಮೊದಲು ಲೆಕ್ಕ ಹಾಕಬೇಕಾದದ್ದು ಮಳೆಯನ್ನು, ಆಮೇಲೆ ಹಗಲನ್ನು, ಅದಾದ ಮೇಲೆ ಏರನ್ನು.

ರೈಲು ಮತ್ತು ಸೈಕಲ್ಲಿಗೆ ನಂಟು ಬೆಳೆದದ್ದು ಹೊರದೇಶಗಳಲ್ಲಿ. ಬಳಕೆ ತಪ್ಪಿದ ರೈಲುಮಾರ್ಗದ ಹಳಿ ಕಿತ್ತು, ಆ ದಿಬ್ಬವನ್ನೇ ಸೈಕಲ್ ಹಾದಿಯಾಗಿ ಮಾಡುವ ಪದ್ಧತಿ ಅಮೆರಿಕ, ಯುರೋಪು, ನ್ಯೂಜಿಲೆಂಡ್‌ಗಳಲ್ಲಿ ನೆಲೆಯೂರಿದೆ. ನ್ಯೂಜಿಲೆಂಡಿನ ಒಟಾಗೊ ಸೀಮೆಯಲ್ಲಿ 1990ರಲ್ಲಿ ಮುಚ್ಚಿದ ಮಾರ್ಗವೊಂದು 2000ದ ಹೊತ್ತಿಗೆ 152 ಕಿ.ಮೀ. ಉದ್ದದ ಸೈಕಲ್ ಹಾದಿಯಾಗಿ ತೆರೆದುಕೊಂಡಿತು. ಇಂಥ ಹಾದಿ ಸವಾರರಿಗೆ ಹಿತವಾಗುವುದಕ್ಕೆ ಕಾರಣ ರೈಲಿನ ಸ್ವಭಾವದಲ್ಲೇ ಇದೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿಗೆ ಹಿಡಿತ ಕಡಿಮೆ; ಹಾಗಾಗಿ ರೈಲು ಕಡಿದಾದ ಏರನ್ನು ಹತ್ತಲಾರದು. ಬಯಲಿನ ಮಾರ್ಗಗಳಲ್ಲಿ ನೂರು ಮೀಟರ್ ಸಾಗಿದರೆ ಒಂದು ಮೀಟರ್ ಏರುವುದೂ ಹೆಚ್ಚೇ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಮಾರ್ಗದಲ್ಲಿ 50 ಮೀಟರಿಗೆ ಒಂದು ಮೀಟರ್ ಏರು, ಕ್ಯಾಸಲ್‌ರಾಕ್‌ನಿಂದ ಕುಳೆಮ್‌ಗೆ ಇಳಿಯುವ ಘಟ್ಟದಲ್ಲಿ 37ಕ್ಕೆ ಒಂದು. ರೈಲಿಗೆ ಇದು ಬಲು ಕಡಿದಾದ ಏರು. ಸೈಕಲ್ ತುಳಿಯುವ ಕಾಲಿಗೆ ಇದು ಸಲೀಸು. ಉಸಿರು ಕಟ್ಟುವುದು ಹದಿನೈದು–ಇಪ್ಪತ್ತು ಮೀಟರಿಗೆ ಒಂದರಂತೆ ಏರುವ ರಸ್ತೆಯಲ್ಲಿ.

ಉತ್ತರ ಕನ್ನಡದ ಸಿದ್ದಾಪುರ, ಶಿರಸಿ, ಯಲ್ಲಾಪುರ ಸೀಮೆಯಲ್ಲಿ ಅಂಥ ಹಳೆಯ ಮಾರ್ಗ ಇಲ್ಲ, ಏಕೆಂದರೆ ರೈಲೇ ಬಂದಿಲ್ಲ. ಮೈಸೂರು ಸಂಸ್ಥಾನ ಹಾಕಿದ ಮೀಟರ್‌ಗೇಜ್ ಹಳಿ 1940ರಲ್ಲಿ ತಾಳಗುಪ್ಪ ಮುಟ್ಟಿತು. ಅಲ್ಲಿಂದ ಕೂಗಳತೆಯಲ್ಲಿ ಸಂಸ್ಥಾನದ ಎಲ್ಲೆ. ಆಚೆಗಿದ್ದದ್ದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕೆನರಾ ಜಿಲ್ಲೆಯ ಸಿದ್ದಾಪುರ. 1956ರಲ್ಲಿ ಎಲ್ಲೆ ಅಳಿಸಿ ರಾಜ್ಯ ಒಂದಾಯಿತು, ಹಳಿ ಮಾತ್ರ ನಿಂತಲ್ಲೇ ನಿಂತಿತು. ಮೀಟರ್‌ಗೇಜಿನ ಕೊನೆಯ ವರ್ಷಗಳಲ್ಲಿ ಬಸ್ಸಿನಂತೆ ಕಾಣುತ್ತಿದ್ದ ರೈಲ್‌ಬಸ್ ಈ ಮಾರ್ಗದಲ್ಲಿ ಓಡಿತು. 2011ರಲ್ಲಿ ಬ್ರಾಡ್‌ಗೇಜ್ ಆದ ಮೇಲೆ ಬೆಂಗಳೂರು, ಮೈಸೂರುಗಳಿಂದ ನೇರ ರೈಲು ತಾಳಗುಪ್ಪಕ್ಕೆ ಬರುತ್ತದೆ. ಅತ್ತ ಯಲ್ಲಾಪುರದ ಮೇಲೆ ಹಾಯಬೇಕಿದ್ದ ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದಿಂದ ಕಡತದಲ್ಲೂ ನ್ಯಾಯಾಲಯದಲ್ಲೂ ಕಾಡಿನ ಪ್ರಶ್ನೆಯಲ್ಲೂ ಸಿಕ್ಕಿಕೊಂಡಿದೆ. ತಾಳಗುಪ್ಪದಿಂದ ಸಿದ್ದಾಪುರ, ಶಿರಸಿ ಮೇಲೆ ಹುಬ್ಬಳ್ಳಿಗೆ ರೈಲು ಬೇಕೆಂಬ ಬೇಡಿಕೆಯೂ ಹಳೆಯದು. ಅಂದರೆ ಈ ಸೈಕಲ್ ಹಾದಿ ರೈಲು ಓಡಿ ನಿಂತ ಹಾದಿಯಲ್ಲ. ಜನ ರೈಲಿಗಾಗಿ ಕಾಯುತ್ತಿರುವ ಹಾದಿ.

ಇಲ್ಲೊಂದು ಎಚ್ಚರಿಕೆಯ ಮಾತು. ಓಡುತ್ತಿರುವ ರೈಲುಮಾರ್ಗದ ಪಕ್ಕ ಸೈಕಲ್ ಹೊಡೆಯುವುದು, ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ. ತಾಳಗುಪ್ಪ ಮಾರ್ಗದ ಕಾಡು, ಕೆರೆ, ಗದ್ದೆಗಳನ್ನು ನೋಡಬೇಕೆಂದರೆ ರೈಲಿನ ಕಿಟಕಿಯೇ ತಕ್ಕ ಜಾಗ. ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದ ಅರಸಾಳು ನಿಲ್ದಾಣವೂ ಇದೇ ಮಾರ್ಗದಲ್ಲಿದೆ. ಹಳೆಯ ನಿಲ್ದಾಣದ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ.

ಹೊರಡುವ ದಿನ ಗೊತ್ತು ಮಾಡುವುದೇ ಅರ್ಧ ಕೆಲಸ. ಶರದೃತು ಎಂದರೆ ಆಶ್ವಯುಜ, ಕಾರ್ತಿಕ ಮಾಸಗಳು. ಪುಸ್ತಕದಲ್ಲಿ ಶರತ್ತಿನ ಆಕಾಶ ತಿಳಿಯಾಗಿರುತ್ತದೆ, ಮಲೆನಾಡಿನಲ್ಲಿ ಅಷ್ಟು ಬೇಗ ತಿಳಿಯಾಗುವುದಿಲ್ಲ. ಮುಂಗಾರು ಹಿಂದೆ ಸರಿದ ಮೇಲೂ ಹಸ್ತ, ಚಿತ್ತಾ, ಸ್ವಾತಿ ಮಳೆಗಳು ಉಳಿದಿರುತ್ತವೆ. ಅಕ್ಟೋಬರ್ ಎರಡನೇ ವಾರದಿಂದ ನಾಲ್ಕನೇ ವಾರದವರೆಗೆ ಚಿತ್ತಾ. ಅಲ್ಲಿಂದ ನವೆಂಬರ್ ಮೊದಲ ವಾರದವರೆಗೆ ಸ್ವಾತಿ. ಇವು ಆಷಾಢದ ಮಳೆಯಂತೆ ದಿನವಿಡೀ ಜಿಟಿಜಿಟಿ ಹೊಯ್ಯುವುದಿಲ್ಲ. ಬೆಳಿಗ್ಗೆ ಬಿಸಿಲು ಚುರುಕಾಗಿ ಕಾಯುತ್ತದೆ, ಮಧ್ಯಾಹ್ನ ಸೆಕೆ ಏರುತ್ತದೆ, ಮೂರು ಗಂಟೆಯ ಮೇಲೆ ಪೂರ್ವದ ಕಡೆ ಮೋಡ ಕಟ್ಟಿ ಗುಡುಗು–ಸಿಡಿಲಿನೊಂದಿಗೆ ಒಂದೆರಡು ಗಂಟೆ ಹೊಡೆದು ಹೋಗುತ್ತದೆ. ಆದ್ದರಿಂದ ಅಕ್ಟೋಬರಿನಲ್ಲಿ ಹೊರಡುವವರು ನಸುಕಿನಲ್ಲಿ ಸೈಕಲ್ ಹತ್ತಿ ಮೂರು ಗಂಟೆಯೊಳಗೆ ಆ ದಿನದ ದಾರಿ ಮುಗಿಸುವಂತೆ ನೋಡಿಕೊಳ್ಳಬೇಕು. ಗುಡುಗು ಶುರುವಾದರೆ ಒಂಟಿ ಮರದ ಕೆಳಗೂ ಬಯಲಿನಲ್ಲೂ ನಿಲ್ಲದೆ ಮನೆಯನ್ನೋ ಅಂಗಡಿಯನ್ನೋ ಸೇರಿಕೊಳ್ಳುವುದು ಕ್ಷೇಮ. ಸ್ವಾತಿ ಮಳೆ ಮುಗಿದು ನವೆಂಬರ್ ಎರಡನೇ ವಾರ ಬಂದಮೇಲೆ ಈ ಚಿಂತೆ ಬಹುಪಾಲು ಕಳೆಯುತ್ತದೆ. ಬೆಳಗಿನ ಮಂಜು, ನಡುಹಗಲಿನ ಹದವಾದ ಬಿಸಿಲು, ಇನ್ನೂ ಬತ್ತದ ಹಳ್ಳ — ಮೂರೂ ಒಟ್ಟಿಗೆ ಸಿಗುವುದು ಆಗಲೇ. ಒಂದೇ ವಾರಾಂತ್ಯ ಆರಿಸಿಕೊಳ್ಳಬೇಕೆಂದರೆ ನವೆಂಬರ್ ನಡುವಿನದನ್ನೇ ಆರಿಸಿಕೊಳ್ಳಬೇಕು.

ಅಕ್ಟೋಬರಿಗೂ ಅದರದೇ ಆದ ಸೊಗಸಿದೆ. ಆಶ್ವಯುಜದ ಹುಣ್ಣಿಮೆ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ತೆನೆಗಟ್ಟಿ ನಿಂತಿರುವ ಹೊತ್ತು. ಭೂಮಿತಾಯಿ ಬಸುರಿ ಎಂದು ಭಾವಿಸಿ ಅವಳ ಬಯಕೆ ತೀರಿಸುವ ಹಬ್ಬ. ಸಾಗರ, ಸೊರಬ, ಸಿದ್ದಾಪುರ ಸೀಮೆಯ ದೀವರು ಸಮುದಾಯದ ಮನೆಗಳಲ್ಲಿ ಹಬ್ಬಕ್ಕೆ ವಾರಗಟ್ಟಲೆ ಮುಂಚಿನಿಂದ ಭೂಮಣ್ಣಿ ಬುಟ್ಟಿ ಸಿದ್ಧವಾಗುತ್ತದೆ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ಅರೆದ ಬಿಳಿ ಹಿಟ್ಟಿನಲ್ಲಿ ಪುಂಡಿನಾರಿನ ಕುಂಚ ಅದ್ದಿ, ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಗೆರೆಯ ಪಕ್ಕ ಗೆರೆ, ಚೌಕದೊಳಗೆ ಚೌಕ. ಕೈ ನಡುಗಿದರೆ ಕೆಟ್ಟಿತು. ಬರೆಯುವವರು ಹೆಂಗಸರು. ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಅಡುಗೆ. ಬಗೆಬಗೆಯ ಸೊಪ್ಪು ಬೆರೆಸಿ ಬೇಯಿಸಿದ ಚರಗವನ್ನು ಆ ಬುಟ್ಟಿಯಲ್ಲಿ ಹೊತ್ತು ನಸುಕಿಗೆ ಮುಂಚೆ ಗದ್ದೆಗೆ ಹೋಗಿ ಬೀರುತ್ತಾರೆ. ತಾಳಗುಪ್ಪದ ಸುತ್ತಿನ ರಸ್ತೆಯಲ್ಲಿ ಆ ಬೆಳಿಗ್ಗೆ ಸೈಕಲ್ ಹೊಡೆದರೆ ಗದ್ದೆ ಅಂಚಿನಲ್ಲಿ ಪೂಜೆ ಕಾಣುತ್ತದೆ. ಅದು ಮನೆಯವರ ಹಬ್ಬ; ನಿಂತು ನೋಡುವವರು ಕ್ಯಾಮೆರಾ ತೆಗೆಯುವ ಮೊದಲು ಕೇಳಬೇಕು. ಊಟಕ್ಕೆ ಕರೆದರೆ ಹೋಗಬೇಕು.

ದೀಪಾವಳಿ ಇಲ್ಲಿ ದೊಡ್ಡ ಹಬ್ಬ. ಆ ನಾಲ್ಕೈದು ದಿನ ಸವಾರಿ ಇಟ್ಟುಕೊಳ್ಳದಿರುವುದು ಮೇಲು. ಊರಿಗೆ ಬರುವವರಿಂದ ರೈಲು, ಬಸ್ಸು ತುಂಬಿರುತ್ತವೆ, ಊಟದ ಹೋಟೆಲುಗಳು ಎಷ್ಟೋ ಕಡೆ ಮುಚ್ಚಿರುತ್ತವೆ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಫೆಬ್ರವರಿ–ಮಾರ್ಚಿನಲ್ಲಿ ಬರುವುದರಿಂದ ಶರತ್ತಿನ ಸವಾರರಿಗೆ ಅದರ ಗದ್ದಲ ಇಲ್ಲ.

ಸೈಕಲ್ ಸಾಗಿಸುವುದು ಮುಂದಿನ ಪ್ರಶ್ನೆ. ಇಡೀ ಸೈಕಲನ್ನು ಬೋಗಿಯೊಳಗೆ ತಂದು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ಪಾರ್ಸೆಲ್ ಕಚೇರಿಯಲ್ಲಿ ಲಗೇಜ್ ಎಂದು ಬುಕ್ ಮಾಡಿಸಿ ಬ್ರೇಕ್‌ವ್ಯಾನಿಗೆ ಹಾಕಿಸಬೇಕು. ಅದಕ್ಕೆ ರೈಲು ಹೊರಡುವುದಕ್ಕೆ ಒಂದೆರಡು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು, ಗುರುತಿನ ಚೀಟಿ ಕೈಯಲ್ಲಿರಬೇಕು. ಹ್ಯಾಂಡಲ್, ಗೇರು, ಪೆಡಲುಗಳಿಗೆ ಹಳೆಯ ಗೋಣಿ ಅಥವಾ ದಪ್ಪ ರಟ್ಟು ಸುತ್ತಿ ಕಟ್ಟದಿದ್ದರೆ ಇಳಿಸುವಾಗ ಪೆಟ್ಟು ತಿನ್ನುತ್ತದೆ. ತಾಳಗುಪ್ಪದಲ್ಲಿ ಇಳಿಸಿಕೊಳ್ಳುವ ಬಗೆಯನ್ನು ಬುಕ್ ಮಾಡುವಾಗಲೇ ವಿಚಾರಿಸಿಟ್ಟುಕೊಳ್ಳಬೇಕು. ಮಡಚುವ ಸೈಕಲ್ ಇದ್ದವರಿಗೆ, ಗಾಲಿ ಕಳಚಿ ಚೀಲಕ್ಕೆ ಹಾಕಬಲ್ಲವರಿಗೆ ಈ ತಾಪತ್ರಯ ಕಡಿಮೆ. ರಾತ್ರಿ ರೈಲು ಬೆಳಿಗ್ಗೆ ತಾಳಗುಪ್ಪ ಮುಟ್ಟಿಸುತ್ತದೆ; ಶನಿವಾರದ ಸವಾರಿಗೆ ಶುಕ್ರವಾರ ರಾತ್ರಿ ಹೊರಡುವುದೇ ಸರಿ.

ಇಂಥದ್ದೇ ಸೈಕಲ್ ಬೇಕೆಂಬ ನಿಯಮವಿಲ್ಲ, ಆದರೆ ಗೇರಿಲ್ಲದ ಸೈಕಲ್ಲಿನಲ್ಲಿ ಈ ದಾರಿ ಬಲು ಕಷ್ಟ. ಮೂರೂ ಊರುಗಳು ಸಮುದ್ರಮಟ್ಟದಿಂದ ಸುಮಾರು 500ರಿಂದ 600 ಮೀಟರ್ ಎತ್ತರದಲ್ಲಿವೆ. ನಕಾಶೆಯಲ್ಲಿ ನೋಡಿದರೆ ಹೊರಟ ಎತ್ತರವೂ ಮುಟ್ಟುವ ಎತ್ತರವೂ ಹೆಚ್ಚುಕಡಿಮೆ ಒಂದೇ, ದಾರಿ ಚಪ್ಪಟೆ ಇರಬೇಕು ಅನ್ನಿಸುತ್ತದೆ. ರಸ್ತೆಗಿಳಿದರೆ ಮುನ್ನೂರು ಮೀಟರ್ ಸಪಾಟು ಸಿಗುವುದೂ ಅಪರೂಪ. ಕಣಿವೆಯಲ್ಲಿ ತೋಟ, ತೋಟದ ನಡುವೆ ಹಳ್ಳ, ಎರಡೂ ಕಡೆ ಬೆಟ್ಟ ಎಂಬುದು ಇಲ್ಲಿನ ನೆಲದ ಕಟ್ಟು. ರಸ್ತೆ ಪ್ರತಿ ಹಳ್ಳಕ್ಕೂ ಇಳಿದು ಮತ್ತೆ ಹತ್ತುತ್ತದೆ. ಒಂದೊಂದು ಏರೂ ಚಿಕ್ಕದೇ, ಆದರೆ ದಿನಕ್ಕೆ ಹತ್ತಾರು ಬರುತ್ತವೆ. ಬಯಲಿನಲ್ಲಿ ಗಂಟೆಗೆ 20 ಕಿ.ಮೀ. ಹೋಗುವವರು ಇಲ್ಲಿ 12 ಎಂದು ಲೆಕ್ಕ ಹಿಡಿಯಬೇಕು. 35 ಮಿ.ಮೀ. ಅಥವಾ ಇನ್ನೂ ಅಗಲದ ಟಯರು, ಹೊಸ ಬ್ರೇಕ್ ಪ್ಯಾಡು, ಎರಡು ಟ್ಯೂಬು, ಪಂಪು, ಪಂಕ್ಚರ್ ಪ್ಯಾಚು, ಚೈನಿಗೆ ಎಣ್ಣೆ ಜೊತೆಗಿರಲಿ. ಸೈಕಲ್ ಅಂಗಡಿ ಪೇಟೆಗಳಲ್ಲಿ ಸಿಗುತ್ತದೆ, ನಡುದಾರಿಯಲ್ಲಿ ಸಿಗದು. ಗೇರ್ ಸೈಕಲ್ಲಿನ ಬಿಡಿಭಾಗ ಪೇಟೆಯಲ್ಲೂ ಸಿಗುವ ಭರವಸೆ ಇಟ್ಟುಕೊಳ್ಳಬಾರದು.

ಈ ಸೀಮೆಯ ಮಣ್ಣಿನ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಡಾಂಬರು ಬಿಟ್ಟು ಊರೊಳಗಿನ ದಾರಿಗೆ ಇಳಿದರೆ ಸಿಗುವುದು ಜಂಬಿಟ್ಟಿಗೆ ಮಣ್ಣು. ಒಣಗಿದಾಗ ಅದು ಸಿಮೆಂಟಿನಷ್ಟು ಗಟ್ಟಿ, ಮೇಲೆ ಸಣ್ಣ ಕೆಂಪು ಹರಳು ಉದುರಿರುತ್ತವೆ. ಒಂದು ಮಳೆ ಬಿದ್ದರೆ ಹರಳಿನ ಕೆಳಗೆ ತೆಳ್ಳನೆಯ ಕೆಸರು ಮೂಡುತ್ತದೆ, ನೆರಳಿರುವ ಕಡೆ ಹಾವಸೆ ಕಟ್ಟುತ್ತದೆ. ಆರು ತಿಂಗಳು ನೀರು ಕುಡಿದ ಕಲ್ಲಿನ ಮೇಲಿನ ಹಾವಸೆ ನವೆಂಬರಿನಲ್ಲೂ ಪೂರ್ತಿ ಒಣಗಿರುವುದಿಲ್ಲ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದರೆ ಮುಂಗಾಲಿ ಜಾರುತ್ತದೆ. ಎರಡೂ ಬ್ರೇಕನ್ನು ಹಗುರವಾಗಿ ಹಿಡಿದು ಬಿಟ್ಟು ಮಾಡುತ್ತ, ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ, ತಿರುವಿನಲ್ಲಿ ಬ್ರೇಕ್ ಮುಟ್ಟದೆ ದಾಟಬೇಕು. ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕ ಕಂಡರೆ ಇಳಿದು ತಳ್ಳಿಕೊಂಡೇ ಹೋಗಬೇಕು.

ಮೊದಲ ದಿನದ ದಾರಿ ತಾಳಗುಪ್ಪದಿಂದ ಸಿದ್ದಾಪುರ ಮೇಲೆ ಶಿರಸಿಗೆ, ಒಟ್ಟು 51 ಕಿ.ಮೀ. ಗಂಟೆಗೆ 12ರಂತೆ ತುಳಿಯುವ ಹೊತ್ತು ನಾಲ್ಕೂಕಾಲು ಗಂಟೆ. ತಿಂಡಿ, ಊಟ, ನೀರು, ನೋಟ ಎಲ್ಲ ಸೇರಿ ಏಳು ಗಂಟೆ ಹಿಡಿಯಬೇಕು. ಎಂಟಕ್ಕೆ ತಾಳಗುಪ್ಪ ಬಿಟ್ಟರೆ ಮೂರಕ್ಕೆ ಶಿರಸಿ. ಮೊದಲ ಹದಿನೈದು ಕಿಲೋಮೀಟರ್ ಮೈ ಬಿಸಿಯಾಗಲು ಬೇಕಾದಷ್ಟೇ. ಗದ್ದೆಬಯಲು ಕ್ರಮೇಣ ಕಿರಿದಾಗಿ ಅಡಿಕೆ ತೋಟ ಹೆಚ್ಚುತ್ತದೆ. ಸಿದ್ದಾಪುರದಲ್ಲಿ ಗಟ್ಟಿ ತಿಂಡಿ ತಿಂದು, ನೀರು ತುಂಬಿಕೊಂಡು, ಗಡಿಯಾರ ನೋಡಬೇಕು. ಏಕೆಂದರೆ ದಿನದ ದೊಡ್ಡ ತೀರ್ಮಾನ ಅಲ್ಲಿಯೇ.

ಸಿದ್ದಾಪುರದಿಂದ ಸುಮಾರು 8 ಕಿ.ಮೀ. ದೂರದಲ್ಲಿ ಭುವನಗಿರಿ. ಗುಡ್ಡದ ತಲೆಯ ಮೇಲೆ ಭುವನೇಶ್ವರಿಯ ಗುಡಿ, ಅದಕ್ಕೆ ಹತ್ತಲು ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಬಿಳಗಿ ಅರಸರ ಕಾಲದ ಈ ಗುಡಿಗೆ ಕನ್ನಡಿಗರ ತಾಯಿಯ ಗುಡಿಯೆಂಬ ಮಾನ್ಯತೆ ಇರುವುದರಿಂದ ನವೆಂಬರ್ 1ರ ರಾಜ್ಯೋತ್ಸವದ ಸುತ್ತ ಜನ ಹೆಚ್ಚು. ಹೋಗಿ, ಹತ್ತಿ, ಇಳಿದು, ಸಿದ್ದಾಪುರಕ್ಕೆ ಮರಳಲು ಎರಡೂವರೆ ಗಂಟೆ ಬೇಕು. ಹತ್ತು ಗಂಟೆಯೊಳಗೆ ಸಿದ್ದಾಪುರ ಮುಟ್ಟಿದ್ದರೆ, ಮೋಡ ಇಲ್ಲದಿದ್ದರೆ ಹೋಗಿ ಬರಬಹುದು. ರೈಲು ತಡವಾಗಿ ಬಂದ ದಿನ ಆಸೆ ಬಿಡಬೇಕು. ಹತ್ತಿರದ ಬಿಳಗಿಯ ರತ್ನತ್ರಯ ಬಸದಿಗೂ ಇದೇ ಮಾತು. ಸಿದ್ದಾಪುರ ತಾಲ್ಲೂಕಿನದೇ ಆದ ಉಂಚಳ್ಳಿ ಜಲಪಾತದಲ್ಲಿ ಅಘನಾಶಿನಿ 116 ಮೀಟರ್ ಧುಮುಕುತ್ತದೆ; ಶರತ್ತಿನಲ್ಲಿ ಅದರ ನೋಟ ಉಜ್ವಲ. ಆದರೆ ಅದನ್ನು ಈ ಎರಡು ದಿನದೊಳಗೆ ತುರುಕುವುದು ತಪ್ಪು. ಇನ್ನೊಂದು ದಿನ ಕೈಯಲ್ಲಿದ್ದವರು, ತಾಳಗುಪ್ಪದಿಂದ ಹದಿನೈದು ಕಿಲೋಮೀಟರಿನ ಜೋಗವನ್ನು ಮೊದಲೇ ನೋಡಿ ಬರಲಿ. ವಾರಾಂತ್ಯದ ಪ್ರವಾಸಗಳು ಕೆಡುವುದು ಹೆಚ್ಚಾಗಿ ದಾರಿಯಿಂದಲ್ಲ, ಪಟ್ಟಿಯ ಉದ್ದದಿಂದ.

ಸಿದ್ದಾಪುರ–ಶಿರಸಿ ರಸ್ತೆಯಲ್ಲಿ ಕಾನಸೂರು ನಡುದಾರಿಯ ತಂಗುದಾಣ. ರಸ್ತೆಯ ಎರಡೂ ಕಡೆ ತೋಟ, ಸೊಪ್ಪಿನ ಬೆಟ್ಟ, ಕಾನು. ಸೊಪ್ಪಿನ ಬೆಟ್ಟ ಎಂದರೆ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲೆಂದು ಬ್ರಿಟಿಷರ ಕಾಲದಿಂದ ತೋಟಿಗರಿಗೆ ಬಿಟ್ಟುಕೊಟ್ಟ ಕಾಡು. ಬೆಟ್ಟ ಇಲ್ಲದೆ ತೋಟ ಇಲ್ಲ ಎಂಬುದು ಇಲ್ಲಿನವರ ಅರಿವು. ನವೆಂಬರಿನಲ್ಲಿ ಹೋದವರಿಗೆ ಅಡಿಕೆಯ ಕೊನೆಕೊಯ್ಲಿನ ಆರಂಭ ಕಾಣುತ್ತದೆ. ಕೊನೆಗೌಡ ಮರದಿಂದ ಮರಕ್ಕೆ ದಾಟುತ್ತ ಗೊನೆ ಕೊಯ್ದು ಹಗ್ಗದಲ್ಲಿ ಇಳಿಬಿಡುತ್ತಾನೆ, ಕೆಳಗೆ ನಿಂತವರು ಹಿಡಿಯುತ್ತಾರೆ. ಸಂಜೆ ಮನೆಯ ಜಗುಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವವರ ಸಾಲು. ಸುಲಿದ ಹಸಿ ಅಡಿಕೆಯನ್ನು ದೊಡ್ಡ ಹಂಡೆಯಲ್ಲಿ ತೊಗರಿನ ನೀರು ಹಾಕಿ ಬೇಯಿಸುವಾಗ ಏಳುವ ಒಗರು ವಾಸನೆ ರಸ್ತೆಯವರೆಗೂ ಬರುತ್ತದೆ. ಬೆಂದದ್ದನ್ನು ಬಿಸಿಲಿಗೆ ಹರಡಿದರೆ ಅಟ್ಟವೂ ಅಂಗಳವೂ ಕೆಂಪಗಾಗುತ್ತದೆ. ಸ್ವಾತಿಯ ಒಂದು ಅಕಾಲದ ಮಳೆ ಈ ಎಲ್ಲ ದುಡಿಮೆಯನ್ನು ಹಾಳು ಮಾಡಬಲ್ಲದು. ಸವಾರರು ಮೋಡ ನೋಡಿ ಬೇಸರಿಸುವಾಗ ಪಕ್ಕದ ಅಂಗಳದಲ್ಲಿ ಅಡಿಕೆ ಒಳಗೆ ಹೊರುವವರ ಅವಸರವನ್ನೂ ನೋಡಬೇಕು. ಶಿರಸಿ ಸೀಮೆಯ ಅಡಿಕೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ತೋಟಿಗರ ಸಹಕಾರಿ ಮಾರಾಟ ಸಂಘ ಶಿರಸಿಯಲ್ಲಿ 1923ರಿಂದ ಇದೆ.

ಈ ದಾರಿಯ ಮನೆಗಳಲ್ಲಿ ನೀರು ಕೇಳಿದರೆ ಬರೀ ನೀರು ಬರುವುದಿಲ್ಲ, ‘ಆಸರಿಗೆ ಎಂತ ಬೇಕು’ ಎಂಬ ಪ್ರಶ್ನೆ ಬರುತ್ತದೆ. ಮಜ್ಜಿಗೆ, ಕಷಾಯ, ಬೆಲ್ಲ–ನೀರು, ಇದ್ದರೆ ಕೋಕಂ ಪಾನಕ. ಬೆವರು ಹರಿಸಿ ಬಂದವರಿಗೆ ಉಪ್ಪು ಹಾಕಿದ ಮಜ್ಜಿಗೆಗಿಂತ ಒಳ್ಳೆಯದು ಬೇರೆ ಇಲ್ಲ. ಪೇಟೆಯ ಹೋಟೆಲುಗಳಲ್ಲಿ ಬನ್ಸು, ಅವಲಕ್ಕಿ, ದೋಸೆ ಬೆಳಿಗ್ಗೆ ಬೇಗ ಸಿಗುತ್ತವೆ. ಊಟದಲ್ಲಿ ತಂಬುಳಿ, ಅಪ್ಪೆಹುಳಿ ಸಿಕ್ಕರೆ ಬಿಡಬಾರದು. ಜೇಬಿನಲ್ಲಿ ಬಾಳೆಹಣ್ಣು, ಚಿಕ್ಕಿ ಇರಲಿ. ಊರಿಂದ ಊರಿಗೆ ಹತ್ತು ಕಿಲೋಮೀಟರ್ ಏನೂ ಸಿಗದ ತಾಣಗಳಿವೆ. ಮೊಬೈಲ್ ಸಿಗ್ನಲ್ಲೂ ಅಷ್ಟೇ. ನಕಾಶೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಬೇಕು, ಕಾಗದದಲ್ಲೂ ಊರುಗಳ ಹೆಸರು ಬರೆದಿಟ್ಟುಕೊಳ್ಳಬೇಕು. ಕೇಳಿದರೆ ದಾರಿ ಹೇಳದವರು ಇಲ್ಲಿಲ್ಲ.

ಶಿರಸಿಯಲ್ಲಿ ವಸತಿಗೃಹಗಳಿಗೆ ಕೊರತೆ ಇಲ್ಲ. ಸೈಕಲ್ಲನ್ನು ಒಳಗಿಡಲು ಜಾಗ ಇದೆಯೇ ಎಂದು ಮಾತ್ರ ಮುಂಚೆ ಕೇಳಿಟ್ಟುಕೊಳ್ಳಬೇಕು. ಸಂಜೆಗೆ ಮಾರಿಕಾಂಬಾ ದೇವಸ್ಥಾನ ನಡೆದು ಹೋಗುವಷ್ಟು ಹತ್ತಿರ, 1688ರಲ್ಲಿ ಕಟ್ಟಿದ್ದು. ಅದರ ಗೋಡೆಗಳಲ್ಲಿ ಕೆಂಪು–ಬಿಳಿಯ ಕಾವಿ ಚಿತ್ರಗಳಿವೆ. ಭೂಮಣ್ಣಿ ಬುಟ್ಟಿಯ ಗೆರೆಗಳನ್ನು ಅದೇ ಬೆಳಿಗ್ಗೆ ನೋಡಿದವರಿಗೆ ಕೆಮ್ಮಣ್ಣಿನ ಬಣ್ಣ ಈ ಸೀಮೆಯನ್ನು ಎಷ್ಟು ಬಗೆಯಲ್ಲಿ ಆಳಿದೆ ಎಂಬುದು ಇಲ್ಲಿ ತಿಳಿಯುತ್ತದೆ.

ಎರಡನೇ ದಿನದ ದಾರಿಯೇ ಕಾಡಿನ ದಾರಿ. ಶಿರಸಿಯಿಂದ ಯಲ್ಲಾಪುರ ರಸ್ತೆ ಹಿಡಿದು ಹದಿನಾರು–ಹದಿನೇಳು ಕಿ.ಮೀ. ಹೋದರೆ ಶಾಲ್ಮಲೆಯ ಸಹಸ್ರಲಿಂಗ. ಹೊಳೆಯ ಬಂಡೆಗಳ ಮೇಲೆ ಲಿಂಗ, ನಂದಿಗಳನ್ನು ಕೆತ್ತಿದ ಈ ತಾಣವನ್ನು ಸೋದೆಯ ಅರಸ ಸದಾಶಿವರಾಯನ ಕಾಲದ್ದೆಂದು ಹೇಳುತ್ತಾರೆ. ಮಳೆಗಾಲದಲ್ಲಿ ಬಹುಪಾಲು ಲಿಂಗಗಳು ನೀರಿನಡಿ. ಅಕ್ಟೋಬರಿನಲ್ಲಿ ಅರ್ಧ ಕಾಣುತ್ತವೆ, ನವೆಂಬರ್ ಕಳೆದಂತೆ ಒಂದೊಂದೇ ತಲೆ ಎತ್ತುತ್ತವೆ. ಹಿಂದಿನ ದಿನ ಮೇಲೆ ಮಳೆಯಾಗಿದ್ದರೆ ನೀರು ದಿಢೀರನೆ ಏರುತ್ತದೆ, ಬಂಡೆ ಜಾರುತ್ತದೆ, ಸೆಳೆತ ಕಣ್ಣಿಗೆ ಕಾಣುವುದಿಲ್ಲ. ದಡದಿಂದಲೇ ನೋಡಿ ಹೊರಡುವುದು ಒಳ್ಳೆಯದು. ಇದೇ ಕಡೆಯಲ್ಲಿ ಸೋದೆ ಇದೆ: ವಾದಿರಾಜರ ಬೃಂದಾವನ, ಸ್ವರ್ಣವಲ್ಲಿ ಮಠ, ಸ್ವಾದಿ ಜೈನ ಮಠ ಮೂರೂ ಒಂದೇ ಸುತ್ತಿನಲ್ಲಿ. ಮೂರನ್ನೂ ನೋಡಹೋದರೆ ಯಲ್ಲಾಪುರ ಸೇರುವಷ್ಟರಲ್ಲಿ ಕತ್ತಲಾಗುತ್ತದೆ, ಒಂದನ್ನು ಆರಿಸಿಕೊಳ್ಳಬೇಕು.

ಶಿರಸಿ ತಾಲ್ಲೂಕಿನ ಕಾಡು ಇಂದಿಗೂ ಇಷ್ಟಾದರೂ ಉಳಿದಿರುವುದಕ್ಕೆ ಜನರ ಪಾಲು ದೊಡ್ಡದು. 1983ರ ಸೆಪ್ಟೆಂಬರಿನಲ್ಲಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಸಾಲ್ಕಣಿಯ ಹಳ್ಳಿಗರು ಅಪ್ಪಿ ನಿಂತರು. ಅಲ್ಲಿಂದ ಹಬ್ಬಿದ್ದು ಅಪ್ಪಿಕೋ ಚಳವಳಿ. ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನೂ ಈ ಸೀಮೆಯ ತೋಟಿಗರು ಎದುರಿಸಿ ನಿಲ್ಲಿಸಿದರು. 2011ರಲ್ಲಿ ಅಘನಾಶಿನಿ ಕಣಿವೆ ಸಿಂಗಳೀಕಗಳ ಸಂರಕ್ಷಣಾ ಮೀಸಲು ಆಯಿತು. ಸವಾರರು ತುಳಿಯುವ ನೆರಳಿನ ಹಿಂದೆ ಈ ಇತಿಹಾಸವಿದೆ ಎಂಬುದನ್ನು ನೆನೆಯದೆ ಈ ರಸ್ತೆಯಲ್ಲಿ ಹೋಗುವುದು ಸರಿಯಲ್ಲ. ತಂದ ಪ್ಲಾಸ್ಟಿಕ್ ಒಂದು ಚೂರೂ ಬಿಡದೆ ವಾಪಸು ಒಯ್ಯುವುದು ಅದಕ್ಕೆ ಸಲ್ಲಿಸುವ ಕನಿಷ್ಠ ಗೌರವ.

ಮಂಚಿಕೇರಿ ಮಧ್ಯಾಹ್ನದ ನಿಲುಗಡೆ. ನಾಟಕದ ಊರೆಂದು ಹೆಸರಾದ ಇಲ್ಲಿ ಊಟ ಮುಗಿಸಿ ನೆರಳಲ್ಲಿ ಅರ್ಧ ಗಂಟೆ ಕೂರಬೇಕು. ಏಕೆಂದರೆ ಮುಂದೆ ರಸ್ತೆ ಬೇಡ್ತಿ ಹೊಳೆಯ ಸೇತುವೆಗೆ ಇಳಿದು ಮತ್ತೆ ಹತ್ತುತ್ತದೆ. ಇಡೀ ಪ್ರಯಾಣದ ಬೆವರಿನ ಏರು ಇದೇ. ಸೇತುವೆಯ ಮೇಲೆ ನಿಂತರೆ ಕೆಳಗೆ ಹರಿಯುವುದು ಧಾರವಾಡದ ಕಡೆಯಿಂದ ಬಂದ ನೀರು. ಮುಂದೆ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂದು ಹೆಸರು ಬದಲಿಸಿ ಅರಬ್ಬೀ ಸಮುದ್ರ ಸೇರುತ್ತದೆ. ಸಾಗರದ ಬಳಿ ಹುಟ್ಟುವ ವರದೆ ಬನವಾಸಿಯ ಮೇಲೆ ಪೂರ್ವಕ್ಕೆ ಹರಿದು ತುಂಗಭದ್ರೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ; ಶಿರಸಿಯಲ್ಲಿ ಹುಟ್ಟುವ ಅಘನಾಶಿನಿ ಪಶ್ಚಿಮಕ್ಕೆ ಇಳಿಯುತ್ತಾಳೆ. ಎರಡು ಸಮುದ್ರಗಳಿಗೆ ನೀರು ಹಂಚುವ ನೆಲದ ಮೇಲೆ ಈ ಸವಾರಿ ಸಾಗುತ್ತದೆ.

ಅಪಾಯಗಳ ಬಗ್ಗೆ ಹೆದರಿಸುವ ಅಗತ್ಯವಿಲ್ಲ, ಮುಚ್ಚಿಡುವುದೂ ತಪ್ಪು. ಕಾಡುಕೋಣ ಬೆಳಗಿನ ಮತ್ತು ಸಂಜೆಯ ಮಬ್ಬಿನಲ್ಲಿ ರಸ್ತೆ ದಾಟುತ್ತದೆ. ಕಂಡರೆ ದೂರದಲ್ಲೇ ನಿಂತು ಅದಕ್ಕೆ ದಾರಿ ಬಿಡಬೇಕು, ಬೆಲ್ ಹೊಡೆದು ಓಡಿಸಲು ಹೋಗಬಾರದು. ಉಂಬಳ ಅಕ್ಟೋಬರಿನ ತೇವದಲ್ಲಿ ಇನ್ನೂ ಇರುತ್ತದೆ. ಉಪ್ಪಿನ ಪೊಟ್ಟಣ ಸಾಕು. ಅದಕ್ಕಿಂತ ಗಂಭೀರವಾದದ್ದು ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಸಿದ್ದಾಪುರ ತಾಲ್ಲೂಕಿನಲ್ಲೂ ಅದು ಕಾಣಿಸಿಕೊಂಡಿದೆ. ಅದರ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ. ಶರತ್ತಿನ ಸವಾರಿ ಡಿಸೆಂಬರಿಗೆ ಜಾರದಂತೆ ನೋಡಿಕೊಳ್ಳಲು ಇದೂ ಒಂದು ಕಾರಣ. ನವೆಂಬರಿನಲ್ಲೂ ದರಕಿನ ಮೇಲೆ ಮಲಗಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಬೇಕು, ಸಂಜೆ ಬಿಸಿನೀರಿನ ಸ್ನಾನ ಮಾಡಿ ಮೈ ಪೂರ್ತಿ ನೋಡಿಕೊಳ್ಳಬೇಕು. ಹಿಂತಿರುಗಿದ ಒಂದೆರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಪ್ರಾಣಿಯದಲ್ಲ, ಲಾರಿಯದು. ಯಲ್ಲಾಪುರದ ಮೇಲೆ ಹಾಯುವ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯಲ್ಲಿ ಹಗಲಿರುಳು ಭಾರದ ವಾಹನ. ಅರಬೈಲ್ ಘಟ್ಟ ಇಳಿದು ಸಮುದ್ರಕ್ಕೆ ಹೋಗಬೇಕೆಂಬ ಆಸೆ ಸೈಕಲ್ಲಿನವರಿಗೆ ಬೇಡ. ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ಹೆದ್ದಾರಿಗೂ ಅದೇ ಮಾತು. ಇಲ್ಲಿ ಹೇಳಿದ ದಾರಿ ಘಟ್ಟವನ್ನು ಎಲ್ಲಿಯೂ ಇಳಿಯದೆ ಮೇಲೆಯೇ ಸಾಗುತ್ತದೆ, ಅದರ ಹೆಚ್ಚುಗಾರಿಕೆಯೇ ಅದು. ನವೆಂಬರಿನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಐದೂವರೆಗೇ ಕತ್ತಲು ಕವಿಯುತ್ತದೆ. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ತಲೆಗೆ ಹೆಲ್ಮೆಟ್, ಮೈಮೇಲೆ ಎದ್ದು ಕಾಣುವ ಬಣ್ಣ ಹಗಲಿನಲ್ಲೂ ಇರಬೇಕು. ಸೈಕಲ್ ಕತ್ತಲಿಗೆ ಮುಂಚೆ ನಿಲ್ಲಬೇಕು.

ಯಲ್ಲಾಪುರದಲ್ಲಿ ಒಂದು ದಿನ ಹೆಚ್ಚು ಸಿಕ್ಕರೆ ಸುಮಾರು 20 ಕಿ.ಮೀ. ದೂರದ ಮಾಗೋಡು ಜಲಪಾತ, ಅದರಾಚೆ ಜೇನುಕಲ್ಲು ಗುಡ್ಡ ನೋಡಬಹುದು. ಸಾತೊಡ್ಡಿ 32 ಕಿ.ಮೀ.; ಅದನ್ನು ಸೈಕಲ್ಲಿನಲ್ಲಿ ಒಂದೇ ದಿನ ಹೋಗಿ ಬರುವುದು ಪಳಗಿದವರಿಗೆ ಮಾತ್ರ. ದಿನ ಸಿಗದವರಿಗೆ ಹುಬ್ಬಳ್ಳಿ ಸುಮಾರು 70 ಕಿ.ಮೀ. ದೂರ, ವಾಯವ್ಯ ಸಾರಿಗೆಯ ಬಸ್ಸುಗಳಿವೆ. ಸೈಕಲ್ಲನ್ನು ಬಸ್ಸಿಗೆ ಹಾಕಲು ಲಗೇಜ್ ಟಿಕೆಟ್ ಬೇಕು, ಕಂಡಕ್ಟರ ಒಪ್ಪಿಗೆ ಬೇಕು, ಭಾನುವಾರ ಸಂಜೆ ಜನ ತುಂಬಿದ್ದರೆ ಜಾಗ ಸಿಗುವುದಿಲ್ಲ. ಶನಿವಾರ ರಾತ್ರಿಯೇ ಶಿರಸಿ ಬಸ್‌ನಿಲ್ದಾಣದಲ್ಲಿ ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ಬಸ್ಸುಗಳ ಹೊತ್ತು ಕೇಳಿಟ್ಟುಕೊಂಡು, ಕೊನೆಯದಕ್ಕಿಂತ ಎರಡು ಬಸ್ಸು ಮುಂಚಿನದನ್ನು ಗುರಿಯಾಗಿ ಇಟ್ಟುಕೊಳ್ಳಬೇಕು. ಹುಬ್ಬಳ್ಳಿಯಲ್ಲಿ ಮತ್ತೆ ರೈಲು ಸಿಗುತ್ತದೆ. ಅಲ್ಲಿನ ಪ್ಲಾಟ್‌ಫಾರಂ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಪಾರ್ಸೆಲ್ ಕಚೇರಿಯಲ್ಲಿ ಸೈಕಲ್ ಬುಕ್ ಮಾಡಿಸಿ ಬ್ರೇಕ್‌ವ್ಯಾನ್ ನಿಲ್ಲುವ ಜಾಗ ತಲುಪಲು ಕನಿಷ್ಠ ಒಂದು ಗಂಟೆ ಕೈಯಲ್ಲಿರಲಿ.